ಮುಟ್ಟಿದ್ದು ತಪ್ಪಲ್ಲ

ಚದುರಂಗದಲ್ಲೊಂದು ಕಟ್ಟಳೆಯಿದೆ. ನಿನ್ನ ಸರದಿಯಲ್ಲಿ ಬೇಕೆಂದೇ ಯಾವ ಕಾಯಿ ಮುಟ್ಟಿದೆಯೋ ಅದನ್ನೇ ನಡೆಸಬೇಕು. ಎದುರಾಳಿಯ ಕಾಯಿ ಮುಟ್ಟಿದರೆ, ಆಗುವಂತಿದ್ದರೆ ಅದನ್ನೇ ಹೊಡೆಯಬೇಕು. ಮುಟ್ಟಿದೆ, ಮುಗೀತು. ಕಣ್ಣಿದ್ದವನಿಗೆ ಇದು ನ್ಯಾಯವೇ. ಅವನು ನೋಡುತ್ತಾನೆ, ಲೆಕ್ಕ ಹಾಕುತ್ತಾನೆ, ಕಡೆಗೆ ಕೈ ಚಾಚುತ್ತಾನೆ. ಆದರೆ ಕಣ್ಣಿಲ್ಲದವನಿಗೆ ಕೈಯೇ ಕಣ್ಣು. ಮುಟ್ಟದೆ ಅವನು ನೋಡುವುದು ಹೇಗೆ? ಇದೇ ಕಟ್ಟಳೆಯನ್ನು ಅವನ ಮೇಲೂ ಹೇರಿದರೆ ನೋಡಿದ್ದೇ ತಪ್ಪಾಗುತ್ತದೆ.

ಎಲ್ಲರಿಗೂ ಒಂದೇ ಕಾನೂನು ಅನ್ನುವ ಮಾತು ಕಿವಿಗೆ ಇಂಪು. ಆ ಅಂಗಿಯನ್ನು ಯಾರ ಮೈ ಅಳತೆಗೆ ಹೊಲಿದರು ಅಂತ ಕೇಳುವವರು ಕಡಿಮೆ. ಮುಟ್ಟಿದ್ದಕ್ಕೆ ದಂಡ ತೆತ್ತ ಕೇರಿಗಳಿಂದ ಬಂದ ನಾವಾದರೂ ಕೇಳಬೇಕು.

ಅಂಧ ಆಟಗಾರರು ಈ ಕಟ್ಟಳೆಗೆ ಸೋತು ಮನೆಯಲ್ಲಿ ಕೂರಲಿಲ್ಲ. ಅವರ ಮಣೆಯಲ್ಲಿ 64 ಮನೆಗೂ ಒಂದೊಂದು ತೂತು; ಪ್ರತಿ ಕಾಯಿಗೂ ಕೆಳಗೊಂದು ಗೂಟ. ಕರಿಮನೆಗಳು ತುಸು ಉಬ್ಬಿರುತ್ತವೆ, ಕರಿಕಾಯಿಗಳಿಗೆ ಬೆರಳಿಗೆ ಸಿಗುವಂಥ ಗುರುತು ಇರುತ್ತದೆ. ಅಂತರರಾಷ್ಟ್ರೀಯ ಚದುರಂಗ ಒಕ್ಕೂಟದ ನಿಯಮವೇ ಹೇಳುತ್ತದೆ: ಕಾಯಿಯನ್ನು ತೂತಿನಿಂದ ಹೊರಗೆ ತೆಗೆದಾಗ ಮಾತ್ರ ಅದನ್ನು ಮುಟ್ಟಿದಂತೆ. ಅಲ್ಲಿವರೆಗೆ ಬೆರಳು ಎಲ್ಲೆಲ್ಲಿ ಓಡಾಡಿದರೂ ಅದು ನೋಟ. ಎದುರಾಳಿಗೆ ಕಣ್ಣಿದ್ದರೆ ಅವನಿಗೆ ಅವನ ಮಣೆ, ಇವನಿಗೆ ಇವನ ಮಣೆ. ನಡೆಯನ್ನು ಬಾಯಿಬಿಟ್ಟು ಹೇಳಬೇಕು. ಅಕ್ಷರಗಳು ಕಿವಿಯಲ್ಲಿ ಕಲಸಿಹೋಗದಿರಲಿ ಅಂತ ಅವಕ್ಕೆ ಹೆಸರಿಟ್ಟಿದ್ದಾರೆ: ಅನ್ನಾ, ಬೆಲ್ಲಾ, ಸೀಸರ್, ಡೇವಿಡ್, ಇವಾ, ಫೆಲಿಕ್ಸ್, ಗುಸ್ತಾವ್, ಹೆಕ್ಟರ್. ಗಡಿಯಾರವೂ ಬೇರೆ ಥರದ್ದು.

ಇಲ್ಲಿ ಬುದ್ಧಿವಂತನೊಬ್ಬ ಎದ್ದು ಕೇಳುತ್ತಾನೆ: 'ಇದೆಲ್ಲ ರಿಯಾಯಿತಿ ಅಲ್ವೇನ್ರಿ? ಪ್ರತಿಭೆಗೆ ಬೆಲೆ ಬೇಡವಾ?'

ಸ್ವಾಮಿ, ಕಣ್ಣಿಲ್ಲದವನಿಗೆ ಯಾರೂ ಇನ್ನೊಂದು ಮಂತ್ರಿ ಕೊಟ್ಟಿಲ್ಲ. ಅವನ ಕುದುರೆಯೂ ಎರಡೂವರೆ ಮನೆಯೇ ಹಾರುತ್ತದೆ. ಅವನ ರಾಜನೂ ಸಿಕ್ಕಿಬಿದ್ದರೆ ಸತ್ತಂತೆಯೇ. ಬದಲಾಗಿದ್ದು ಆಟವಲ್ಲ, ಆಟಕ್ಕೆ ಸಂಬಂಧವೇ ಇಲ್ಲದ ಅಡ್ಡಗೋಡೆ. ಇನ್ನೂ ಒಂದು ಮಾತು. ಆಟದ ಹಾಲಿನಲ್ಲಿ ದೀಪ ಹಾಕುವುದು ಯಾರಿಗಾಗಿ? ಕಾಯಿಗೆ ಕಪ್ಪು ಬಿಳಿ ಬಣ್ಣ ಯಾರಿಗಾಗಿ? ಕಣ್ಣಿದ್ದವರು ಹೆಜ್ಜೆಹೆಜ್ಜೆಗೂ ಪಡೆಯುವ ಈ ಸವಲತ್ತಿಗೆ 'ವ್ಯವಸ್ಥೆ' ಅಂತ ಹೆಸರು. ಕಣ್ಣಿಲ್ಲದವನು ಒಂದು ತೂತು ಕೇಳಿದರೆ ಅದಕ್ಕೆ 'ರಿಯಾಯಿತಿ' ಅಂತ ಹೆಸರು!

ಈ ತೂತನ್ನೂ ಯಾರೂ ಕರುಣೆಯಿಂದ ಕೊರೆದುಕೊಡಲಿಲ್ಲ. ಇಂಗ್ಲೆಂಡಿನ ವೂಸ್ಟರ್‌ನಲ್ಲಿ ಅಂಧ ಮಕ್ಕಳಿಗೆ ಗಣಿತ ಕಲಿಸುತ್ತಿದ್ದ ರೆಜಿನಾಲ್ಡ್ ಬಾನಮ್ ತಾನೂ ದೃಷ್ಟಿದೋಷ ಇದ್ದವನೇ. ಅಂಥವರು ಕೂಡಿ 1951ರಲ್ಲಿ ಅಂಚೆಯಾಟದಿಂದ ಅಂತರರಾಷ್ಟ್ರೀಯ ಬ್ರೈಲ್ ಚದುರಂಗ ಸಂಘ ಶುರುಮಾಡಿದರು. 1961ರಲ್ಲಿ ಜರ್ಮನಿಯ ಮೆಶೆಡೆಯಲ್ಲಿ ಅಂಧರ ಮೊದಲ ಒಲಿಂಪಿಯಾಡ್ ನಡೆಯಿತು. ನಮ್ಮ ದೇಶದಲ್ಲಿ, ಹುಡುಗನಾಗಿದ್ದಾಗಲೇ ದೃಷ್ಟಿ ಕಳೆದುಕೊಂಡ ಚಾರುದತ್ತ ಜಾಧವ್ 1997ರಲ್ಲಿ ಅಖಿಲ ಭಾರತ ಅಂಧರ ಚದುರಂಗ ಒಕ್ಕೂಟ ಕಟ್ಟಿದರು. ನಮ್ಮ ಶಿವಮೊಗ್ಗದ ಕಿಶನ್ ಗಂಗೊಳ್ಳಿ 2018ರಲ್ಲಿ ಜಕಾರ್ತದ ಏಷ್ಯನ್ ಪ್ಯಾರಾ ಕ್ರೀಡೆಯಲ್ಲಿ ಚಿನ್ನ ಗೆದ್ದರು. 2023ರಲ್ಲಿ ಹಾಂಗ್‌ಝೌನಲ್ಲಿ ವಡೋದರದ ದರ್ಪಣ್ ಇನಾನಿ ಗೆದ್ದರು.

ಹಾಗಾದರೆ ಅಂಧರಿಗೆ ಬೇರೆ ಪಂದ್ಯಾವಳಿ ಯಾಕೆ? ಅದೂ ಊರ ಹೊರಗಿನ ಇನ್ನೊಂದು ಕೇರಿಯಲ್ಲವೇ? ಈ ಪ್ರಶ್ನೆ ಸುಳ್ಳಲ್ಲ. ತಳ್ಳಿ ಹೊರಗಿಟ್ಟರೆ ಅದು ಕೇರಿ. ತಾವೇ ಒಂದೆಡೆ ಕೂಡಿ ಬಲ ಕಟ್ಟಿಕೊಂಡರೆ ಅದು ಸಂಘಟನೆ. ಎರಡಕ್ಕೂ ಇರುವ ವ್ಯತ್ಯಾಸ ಬಾಗಿಲಲ್ಲಿದೆ. ಎರಡು ಮಣೆಯ ನಿಯಮ ಬರೆದಿರುವುದೇ ಕಣ್ಣಿದ್ದವರೂ ಇಲ್ಲದವರೂ ಎದುರುಬದುರು ಕೂರಲಿ ಅಂತ. ಬೇರೆ ಪಂದ್ಯಾವಳಿ ತೋರಿಸಿ ಊರಿನ ಪಂದ್ಯಾವಳಿಯ ಬಾಗಿಲು ಹಾಕಿದರೆ, ಅದು ಮೋಸ.

ಕಾಲಕ್ಷೇಪಕ್ಕೆ ಆಡಿಕೊಳ್ಳಲಿ ಬಿಡಿ, ಸ್ಪರ್ಧೆ ಯಾಕೆ ಅನ್ನುವವರೂ ಇದ್ದಾರೆ. 'ಅಯ್ಯೋ ಪಾಪ' ಅನ್ನುವವನು ಎಂದೂ ಸೋಲಿಸುವುದಿಲ್ಲ. ತಲೆ ಸವರಿ ಗೆಲ್ಲಿಸಿ ಕಳಿಸುತ್ತಾನೆ. ಸ್ಪರ್ಧೆಯಲ್ಲಿ ಎದುರಾಳಿ ಹೆದರುತ್ತಾನೆ, ಬೆವರುತ್ತಾನೆ, ಮುಲಾಜಿಲ್ಲದೆ ಹೊಡೆಯುತ್ತಾನೆ. ಅದು ಮನುಷ್ಯನಿಗೆ ಕೊಡುವ ಮರ್ಯಾದೆ. ಗೆಲ್ಲುವ ಹಕ್ಕಿನ ಜೊತೆಗೆ ಸೋಲುವ ಹಕ್ಕೂ ಬೇಕು. ಸೋತರೆ 'ಕುರುಡ, ಅದಕ್ಕೇ ಸೋತ' ಅನ್ನದೆ 'ಒಂಟೆ ನಡೆಸಿದ್ದು ತಪ್ಪಾಯ್ತು' ಅನ್ನಬೇಕು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಕ್ರೀಡೆಯನ್ನೂ ಹಕ್ಕುಗಳ ಲೆಕ್ಕದಲ್ಲಿ ಸೇರಿಸಿದೆ. ಕಾಗದದ ಹಕ್ಕು ತಾನಾಗಿ ಬಸ್ಸು ಹತ್ತಿ ಹಳ್ಳಿಗೆ ಬರುವುದಿಲ್ಲ. ಕಣ್ಣಿಲ್ಲದ ಹುಡುಗಿ ಜಿಲ್ಲಾ ಕೇಂದ್ರಕ್ಕೆ ಹೋಗಬೇಕಾದರೆ ಜೊತೆಗೊಬ್ಬರು ಬೇಕು. ಇಬ್ಬರ ಬಸ್‌ಚಾರ್ಜು ಬೇಕು, ಜೊತೆಗೆ ಹೋದ ಅವ್ವನ ಆ ದಿನದ ಕೂಲಿ ಹೋಗುತ್ತದೆ. ಚಪ್ಪಾಳೆ ತಟ್ಟುವ ಮೊದಲು ಈ ಲೆಕ್ಕ ಯಾರು ಕಟ್ಟುತ್ತಾರೆ ಅಂತ ಸಂಘಟಕರನ್ನು ಕೇಳಿ.

ಮೇಷ್ಟ್ರುಗಳೇ, ಗೆಳೆಯರೇ, ಊರಿನ ಬಡಗಿಯಣ್ಣನ ಕೈಲಿ ಬೈರಿಗೆ ಇದೆ. ಹಲಗೆಯೊಂದಕ್ಕೆ 64 ತೂತು ಕೊರೆಸಿ. ಕರಿಮನೆಗೆ ರಟ್ಟು ಅಂಟಿಸಿ, ಕರಿಕಾಯಿಯ ತಲೆಗೆ ಸಣ್ಣ ಮೊಳೆ ಹೊಡೆಸಿ. ಆಮೇಲೆ ಶಾಲೆಯ ಅತ್ಯುತ್ತಮ ಆಟಗಾರನನ್ನು ಆ ಹುಡುಗಿಯ ಎದುರು ಕೂರಿಸಿ, ನಡೆಯನ್ನು ಬಾಯಿಬಿಟ್ಟು ಹೇಳಲು ಕಲಿಸಿ. ಕೈ ಬಿಟ್ಟು ಆಡಬೇಡ ಅಂತ ಅವನಿಗೆ ಮೊದಲೇ ಹೇಳಿಡಿ.