ಗೆದ್ದಾವಷ್ಟ ಶ್ಯಾಣ್ಯಾನ?

"ಗೆದ್ದಾವ ಶ್ಯಾಣ್ಯಾ, ಸೋತಾವ ಹುಚ್ಚ." ಕ್ರಿಕೆಟ್ ಫೈನಲ್ ಮುಗಿದ ಮರುದಿನ ನಮ್ಮ ವಿಜಯಪುರ ಜಿಲ್ಲೆಯಲ್ಲಿ, ಇಂಡಿಯಿಂದ ಮುದ್ದೇಬಿಹಾಳದವರೆಗೆ, ಸಿಂದಗಿಯ ಚಹಾದಂಗಡಿಯಿಂದ ಬಸವನ ಬಾಗೇವಾಡಿಯ ಕ್ಷೌರದಂಗಡಿಯವರೆಗೆ ಕೇಳಿಬರುವ ಮಾತು ಇದು. ಸಿಟ್ಟಿನಲ್ಲಿ ಹೇಳಿದ್ದರೆ ನಾನು ಸುಮ್ಮನಿರುತ್ತಿದ್ದೆ. ಇದನ್ನು ಹೇಳುವವರು ತಣ್ಣಗೆ ಹೇಳುತ್ತಾರೆ, ಇನ್ನು ಮುಂದೆ ಮಾತೇ ಬೇಡ ಎಂಬಂತೆ. ನಾಯಕ ಏಕೆ ಹಾಗೆ ಮಾಡಿದ, ಆ ಹೊತ್ತಿನಲ್ಲಿ ಅವನ ಮುಂದೆ ಬೇರೆ ಏನಿತ್ತು ಎಂದು ಕೇಳಲು ಹೋದರೆ, "ಸೋತ್ರಲ್ಲ, ಇನ್ನೇನ್ ಕೇಳ್ತಿ?" ಎಂದು ಬಾಯಿ ಮುಚ್ಚಿಸುತ್ತಾರೆ. ಫಲಿತಾಂಶ ಗೊತ್ತಾದ ಮೇಲೆ ಯೋಚನೆಗೆ ಕೆಲಸವಿಲ್ಲ ಎಂಬ ಈ ನಂಬಿಕೆ ನನಗೆ ತಪ್ಪಾಗಿ ಕಾಣುತ್ತದೆ. ತಪ್ಪು ಮಾತ್ರವಲ್ಲ, ಅದು ಕ್ರೂರ ಕೂಡ.

2016ರ ಮೇ 29ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಐಪಿಎಲ್ ಫೈನಲ್ ನಡೆಯಿತು. ಹೈದರಾಬಾದ್ ಇನಿಂಗ್ಸ್‌ನ ಕೊನೆಯ ಓವರನ್ನು ವಿರಾಟ್ ಕೊಹ್ಲಿ ಶೇನ್ ವಾಟ್ಸನ್ ಕೈಗೆ ಕೊಟ್ಟರು. ಬೆನ್ ಕಟಿಂಗ್ ಬೀಸಿ ಹೊಡೆದರು. ಆ ಓವರಿನಲ್ಲಿ 24 ರನ್ ಹೋದವು. ವಾಟ್ಸನ್ ನಾಲ್ಕು ಓವರಿಗೆ 61 ಕೊಟ್ಟಂತಾಯಿತು, ಹೈದರಾಬಾದ್ 208 ಮುಟ್ಟಿತು. ಗೇಲ್ ಮತ್ತು ಕೊಹ್ಲಿ ಮೊದಲ ವಿಕೆಟ್‌ಗೆ 114 ಸೇರಿಸಿದರೂ ಬೆಂಗಳೂರು 200ಕ್ಕೆ ನಿಂತು 8 ರನ್ನಿಂದ ಸೋತಿತು. ಆ ಓವರನ್ನು ನಮ್ಮ ಕಡೆಯ ಹುಡುಗರು ಇವತ್ತಿಗೂ ಮರೆತಿಲ್ಲ. ಇನ್ನು 2025ರ ಜೂನ್ 3, ಅಹಮದಾಬಾದ್. ಪಂಜಾಬ್‌ಗೆ ಕೊನೆಯ ಓವರಿನಲ್ಲಿ 29 ರನ್ ಬೇಕಿತ್ತು. ಹೇಜಲ್‌ವುಡ್ ಎಸೆದ ಆ ಓವರಿನಲ್ಲಿ ಶಶಾಂಕ್ ಸಿಂಗ್ 22 ರನ್ ಬಾರಿಸಿದರು. ಬೆಂಗಳೂರು 6 ರನ್ನಿಂದ ಗೆದ್ದಿತು. ಈ 22 ರನ್ ಯಾರ ನೆನಪಿನಲ್ಲಿದೆ?

ಎರಡೂ ಒಂದೇ ಅಲ್ಲ ಎಂದು ಬಲ್ಲವರು ಹೇಳುತ್ತಾರೆ, ಅದು ನಿಜವೂ ಹೌದು. ಹೇಜಲ್‌ವುಡ್‌ನ ಮೊದಲ ಎರಡು ಚೆಂಡಿಗೆ ರನ್ ಬರಲಿಲ್ಲ. ಅಲ್ಲಿಗೇ ಪಂದ್ಯ ಮುಗಿದಿತ್ತು. ಉಳಿದ ನಾಲ್ಕು ಚೆಂಡಿನ ಹೊಡೆತಕ್ಕೆ ಅರ್ಥವಿರಲಿಲ್ಲ. ಈ ವ್ಯತ್ಯಾಸವನ್ನು ನಾನು ಒಪ್ಪುತ್ತೇನೆ. ಆದರೆ ಇದನ್ನು ಹೇಳಲು ಬಲ್ಲವರು ಏನು ಮಾಡಿದರು ನೋಡಿ: ಓವರಿನೊಳಗೆ ಹೊಕ್ಕು ಒಂದೊಂದು ಚೆಂಡು ಬಿದ್ದಾಗ ಪರಿಸ್ಥಿತಿ ಏನಿತ್ತು ಎಂದು ಎಣಿಸಿದರು. ವಾಟ್ಸನ್‌ಗೂ ಅದೇ ನ್ಯಾಯ ಸಿಗಲಿ ಎಂಬುದೇ ನನ್ನ ವಾದ. ಆ ಋತುವಿನುದ್ದಕ್ಕೂ ಬೆಂಗಳೂರಿಗೆ ವಿಕೆಟ್ ಕೊಟ್ಟ ಪ್ರಮುಖ ಬೌಲರ್ ಅವರು, ಅನುಭವಿ. ಆ ಸಂಜೆ ಮೊದಲೇ ಏಟು ತಿಂದಿದ್ದರು ಎಂಬುದೂ ನಾಯಕನಿಗೆ ಗೊತ್ತಿತ್ತು. ಇವೆರಡನ್ನೂ ತಕ್ಕಡಿಗೆ ಹಾಕಿ ನಿರ್ಧಾರವನ್ನು ತೂಗಬೇಕು. ಕೊನೆಯ ಅಂಕಿಯನ್ನು ಮೇಲಿಟ್ಟು ತಕ್ಕಡಿಯನ್ನೇ ಒತ್ತಬಾರದು.

ಫಲದ ಮೇಲೆ ಕಣ್ಣಿಡಬೇಡ ಎಂದು ಗೀತೆ ಹೇಳಿದೆ. ಗುರಿಯಿಡುವುದಷ್ಟೇ ಬಿಲ್ಲುಗಾರನ ಕೈಯಲ್ಲಿದೆ ಎಂದು ಸ್ಟೋಯಿಕರು ಹೇಳಿದರು. ಸಂಭವನೀಯತೆಯ ಲೆಕ್ಕದವರು ಅದನ್ನೇ ಅಂಕಿಗಳಲ್ಲಿ ಹೇಳುತ್ತಾರೆ. ಇವರೆಲ್ಲ ನನ್ನ ಪಕ್ಷದವರೇ, ಆದರೆ ಇವರ ಜೊತೆ ಕೂತು ನಾನು ಹೊಸದೇನನ್ನೂ ಕಲಿತಿಲ್ಲ. ನನ್ನ ನಿದ್ದೆ ಕೆಡಿಸಿದವನು ಎದುರು ಪಕ್ಷದವನು: ಇಂಗ್ಲೆಂಡಿನ ತತ್ವಶಾಸ್ತ್ರಜ್ಞ ಬರ್ನಾರ್ಡ್ ವಿಲಿಯಮ್ಸ್.

ನೈತಿಕತೆಯಲ್ಲಿ ಅದೃಷ್ಟದ ಪಾಲೆಷ್ಟು ಎಂಬ ಪ್ರಶ್ನೆಯ ಮೇಲೆ ವಿಲಿಯಮ್ಸ್ 1976ರಲ್ಲಿ ಒಂದು ಪ್ರಬಂಧ ಮಂಡಿಸಿದ. ಅಲ್ಲಿ ಅವನು ಚಿತ್ರಕಾರ ಗೋಗ್ಯಾನ್‌ನನ್ನು ಉದಾಹರಣೆಗೆ ಎತ್ತಿಕೊಳ್ಳುತ್ತಾನೆ. ಹೆಂಡತಿ ಮಕ್ಕಳನ್ನು ಬಿಟ್ಟು ದೂರದ ದ್ವೀಪಕ್ಕೆ ಚಿತ್ರ ಬರೆಯಲು ಹೋಗುವ ಮನುಷ್ಯ. ಅವನು ಮಾಡಿದ್ದು ಸರಿಯೇ? ಹೊರಡುವ ದಿನ ಇದಕ್ಕೆ ಉತ್ತರವಿರಲಿಲ್ಲ ಎನ್ನುತ್ತಾನೆ ವಿಲಿಯಮ್ಸ್. ತಾನು ದೊಡ್ಡ ಕಲಾವಿದನೋ ಅಲ್ಲವೋ ಎಂಬುದು ಆ ದಿನ ಅವನಿಗೂ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ. ಸಮರ್ಥನೆ ಸಿಗುವುದಾದರೆ ಅದು ಮುಂದೆ, ಅವನು ಬರೆದ ಚಿತ್ರಗಳಿಂದಲೇ ಸಿಗಬೇಕು. ಹಾಗೆಂದು ವಿಲಿಯಮ್ಸ್ ಸಿಂದಗಿಯ ಚಹಾದಂಗಡಿಯಷ್ಟು ಒರಟಲ್ಲ. ಅವನು ಸೋಲನ್ನು ಎರಡು ಬಗೆಯಾಗಿ ಒಡೆಯುತ್ತಾನೆ. ದಾರಿಯಲ್ಲಿ ಗೋಗ್ಯಾನ್‌ಗೆ ಪೆಟ್ಟು ಬಿದ್ದು ಅವನು ಕುಂಚ ಹಿಡಿಯಲಾಗದಿದ್ದರೆ ಅದು ಹೊರಗಿನ ದುರದೃಷ್ಟ. ನಿರ್ಧಾರ ತಪ್ಪೆಂದು ಅದರಿಂದ ತೀರ್ಮಾನವಾಗದು. ಆರೋಗ್ಯವಾಗಿ ತಲುಪಿ, ವರ್ಷಗಟ್ಟಲೆ ಬರೆದು, ಕೊನೆಗೂ ಸಾಧಾರಣ ಚಿತ್ರಗಳನ್ನಷ್ಟೇ ಬರೆದಿದ್ದರೆ ಆಗ ನಿರ್ಧಾರವೇ ಒಳಗಿನಿಂದ ಕುಸಿಯುತ್ತದೆ.

ಈ ವಾದವನ್ನು ನಮ್ಮ ಜಿಲ್ಲೆಯ ಮಗಳ ಮೇಲೇ ಪರೀಕ್ಷಿಸೋಣ. 2017ರ ಮಹಿಳಾ ವಿಶ್ವಕಪ್. ಎಡಗೈ ಸ್ಪಿನ್ನರ್ ಏಕ್ತಾ ಬಿಷ್ಟ್ ಜುಲೈ 2ರಂದು ಡರ್ಬಿಯಲ್ಲಿ ಪಾಕಿಸ್ತಾನದ ವಿರುದ್ಧ 18 ರನ್ನಿಗೆ 5 ವಿಕೆಟ್ ಪಡೆದರು. ಮುಂದೆ ತಂಡ ದಕ್ಷಿಣ ಆಫ್ರಿಕಾ ಮತ್ತು ಆಸ್ಟ್ರೇಲಿಯಾಗಳಿಗೆ ಸೋತಿತು. ಜುಲೈ 15ರಂದು ಅದೇ ಡರ್ಬಿಯಲ್ಲಿ ನ್ಯೂಜಿಲೆಂಡ್ ವಿರುದ್ಧ ಗೆದ್ದರೆ ಸೆಮಿಫೈನಲ್, ಇಲ್ಲವಾದರೆ ಮನೆ. ಅಂಥ ದಿನ ಏಕ್ತಾರನ್ನು ಹೊರಗಿಟ್ಟು, ಆ ಟೂರ್ನಿಯಲ್ಲಿ ಅಲ್ಲಿಯವರೆಗೆ ಒಂದೂ ಪಂದ್ಯ ಆಡದ ವಿಜಯಪುರದ ರಾಜೇಶ್ವರಿ ಗಾಯಕವಾಡ ಅವರನ್ನು ಇಳಿಸಿದರು. ಮಿಥಾಲಿ ರಾಜ್ 109 ಹೊಡೆದರು, ಕಡೂರಿನ ವೇದಾ ಕೃಷ್ಣಮೂರ್ತಿ 45 ಚೆಂಡಿನಲ್ಲಿ 70. ಆಮೇಲೆ ರಾಜೇಶ್ವರಿ 15 ರನ್ನಿಗೆ 5 ವಿಕೆಟ್ ಕಿತ್ತರು. ನ್ಯೂಜಿಲೆಂಡ್ 79ಕ್ಕೆ ಆಲೌಟ್. "ಆಕಿನ್ನ ಹಾಕಿದ್ದ ಚೊಲೊ ಆತು" ಎಂದು ಊರೆಲ್ಲ ಹೇಳಿತು.

ಇಲ್ಲಿ ವಿಲಿಯಮ್ಸ್‌ನ ಮಾತಿಗೆ ತೂಕವಿದೆ. ರಾಜೇಶ್ವರಿಯನ್ನು ಆರಿಸುವುದೆಂದರೆ ಆಕೆಯ ಕೈಚಳಕದ ಮೇಲೆ ಪಣ ಕಟ್ಟುವುದು. ಪಣ ಕಟ್ಟಿದ್ದು ಯಾವುದರ ಮೇಲೋ ಅದೇ ಅಂಗಳದಲ್ಲಿ ನಿಜವಾಯಿತು. ಮಳೆ ಬಂದು ಗೆಲುವು ಸಿಕ್ಕಿದ್ದಲ್ಲ, ಟಾಸ್‌ನಿಂದ ಸಿಕ್ಕಿದ್ದಲ್ಲ. ಹಾಗಿರುವಾಗ ಫಲಿತಾಂಶಕ್ಕೂ ನಿರ್ಧಾರಕ್ಕೂ ಸಂಬಂಧವಿಲ್ಲ ಎಂದು ನಾನು ಹೇಗೆ ಹೇಳಲಿ? ಆಟಗಾರರನ್ನು ಬಲ್ಲವನು ಒಳ್ಳೆಯ ನಾಯಕ ಎಂದಾದರೆ, ಅವನು ಬಲ್ಲನೆಂಬುದಕ್ಕೆ ಆಟದ ಹೊರತು ಬೇರೆ ಪುರಾವೆ ಎಲ್ಲಿಂದ ತರುವುದು?

ಆದರೆ ಎಂಟು ದಿನ ಮುಂದೆ ಬನ್ನಿ. ಜುಲೈ 23, ಲಾರ್ಡ್ಸ್, ಫೈನಲ್. ಇಂಗ್ಲೆಂಡ್ 228. ಭಾರತ ಮೂರು ವಿಕೆಟ್‌ಗೆ 191 ತಲುಪಿತ್ತು, ಬೇಕಿದ್ದದ್ದು 38 ರನ್. ಅಲ್ಲಿಂದ 28 ರನ್ನಿಗೆ ಏಳು ವಿಕೆಟ್ ಬಿದ್ದವು. ಆನ್ಯಾ ಶ್ರಬ್‌ಸೋಲ್ 46ಕ್ಕೆ 6. ಕೊನೆಯವರಾಗಿ ಬೌಲ್ಡ್ ಆದವರು ರಾಜೇಶ್ವರಿ. 9 ರನ್ ಸೋಲು. ಅದೇ ಊರು ಆಗ ಬೇರೆ ಮಾತಾಡಿತು: ವೇದಾ ಆ ಹೊಡೆತ ಏಕೆ ಹೊಡೆದರು, ಮಿಥಾಲಿ ಏಕೆ ರನ್‌ಔಟ್ ಆದರು, ಬ್ಯಾಟು ಹಿಡಿಯಲು ಬಾರದವರನ್ನು ಏಕೆ ಆಡಿಸಿದರು. ಡರ್ಬಿಯಲ್ಲಿ ಸರಿಯಾಗಿದ್ದ ಆಯ್ಕೆ ಲಾರ್ಡ್ಸ್‌ನಲ್ಲಿ ತಪ್ಪಾಯಿತೇ? ಒಳಗಿನ ಅದೃಷ್ಟ, ಹೊರಗಿನ ಅದೃಷ್ಟ ಎಂಬ ವಿಲಿಯಮ್ಸ್‌ನ ಗೆರೆ ಇಲ್ಲಿ ನನ್ನ ಕೈಗೆ ಸಿಗುವುದಿಲ್ಲ. ಡರ್ಬಿಯ ಐದು ವಿಕೆಟ್‌ನಲ್ಲಿ ರಾಜೇಶ್ವರಿಯ ಬೆರಳೆಷ್ಟು, ಪಿಚ್ ಎಷ್ಟು, ಬೆನ್ನಟ್ಟುವವರ ದಿಗಿಲೆಷ್ಟು ಎಂದು ಬಿಡಿಸಿ ಹೇಳಲು ಯಾರಿಗೂ ಆಗದು. ಗೋಗ್ಯಾನ್‌ಗೆ ವರ್ಷಗಳು ಸಿಕ್ಕವು. ಬೌಲರ್‌ಗೆ ಸಿಗುವುದು ಹತ್ತು ಓವರ್. ಅಷ್ಟು ಚಿಕ್ಕ ಪುರಾವೆಯಿಂದ ಜನ್ಮಕ್ಕಂಟುವ ತೀರ್ಪು ಬರೆಯುವುದನ್ನು ನಾನು ಒಪ್ಪಲಾರೆ.

ಇಷ್ಟಕ್ಕೆ ಗೆದ್ದೆ ಎಂದುಕೊಳ್ಳಬಹುದಿತ್ತು. ಆದರೆ ವಿಲಿಯಮ್ಸ್‌ನ ಹತ್ತಿರ ಇನ್ನೊಂದು ಉದಾಹರಣೆಯಿದೆ. ತನ್ನ ತಪ್ಪಿಲ್ಲದೆಯೇ ಲಾರಿಯ ಕೆಳಗೆ ಮಗುವೊಂದು ಸಿಕ್ಕಿ ಸತ್ತಾಗ ಚಾಲಕನಿಗಾಗುವ ಸಂಕಟ. ದಾರಿಹೋಕನ ದುಃಖದಂಥದ್ದಲ್ಲ ಅದು. "ನನ್ನ ತಪ್ಪಿಲ್ಲ" ಎಂದು ಕೈ ಕೊಡವಿ ಹೋಗುವ ಚಾಲಕನ ಬಗ್ಗೆ ನಮಗೆ ಏನೋ ಅನುಮಾನ ಬರುತ್ತದೆ. ಇದನ್ನು ಓದಿದಾಗ ನನಗೆ ನನ್ನ ಅಪ್ಪ ಕಣ್ಣೆದುರು ಬಂದ.

ಇಂಡಿ ತಾಲ್ಲೂಕಿನಲ್ಲಿ ನಮ್ಮದೊಂದು ನಿಂಬೆ ತೋಟ. ಒಂದು ಬರಗಾಲದಲ್ಲಿ ಹಳೆಯ ಬೋರು ಬತ್ತಿತು. ಕಾಯಿ ಬಿಡುವ ಗಿಡಗಳು ಒಣಗತೊಡಗಿದವು. ಅಪ್ಪ ಭೂಗರ್ಭ ಬಲ್ಲ ಒಬ್ಬರನ್ನು ಕರೆಸಿ, ಯಂತ್ರ ಇಡಿಸಿ, ಅವರು ತೋರಿದ ಎರಡು ಜಾಗದಲ್ಲಿ ಒಂದನ್ನು ತಾನೇ ಆರಿಸಿದ. ಐದುನೂರು ಫೂಟಿನವರೆಗೆ ಬಂದದ್ದು ಧೂಳು. ಬಾಜೂ ಹೊಲದವರು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಅಡ್ಡಾಡುವವನನ್ನು ಕರೆಸಿದ್ದರು. ಅವರಿಗೆ ಎರಡೂವರೆ ಇಂಚು ನೀರು ಬಿತ್ತು. ಅವರು ಶ್ಯಾಣ್ಯಾ ಆದರು, ಅಪ್ಪ ಹುಚ್ಚನಾದ. ಸಾಲ ತೀರಿಸಲೆಂದು ಅಕ್ಕ ಕಾಲೇಜು ಬಿಟ್ಟಳು. "ಗೊತ್ತಿದ್ದಷ್ಟರಾಗ ಸರಿಯಾಗೇ ಮಾಡೀಯಲ್ಲ" ಎಂದು ಸಮಾಧಾನ ಹೇಳಲು ಬಂದವರಿಗೆ ಅಪ್ಪ ಒಂದೇ ಉತ್ತರ ಕೊಡುತ್ತಿದ್ದ: "ಪಾಯಿಂಟ್ ತೋರ್ಸಿದಾವ ನಾನ. ಆಕಿ ಸಾಲಿ ಬಿಟ್ಟದ್ದು ನನ್ನಿಂದ."

ಅಪ್ಪನ ನಿರ್ಧಾರ ಸರಿಯಿತ್ತು ಎಂದು ನಾನು ಇವತ್ತಿಗೂ ಹೇಳುತ್ತೇನೆ. ಆದರೆ ಅವನು ತಾನೇ ಹಾಗೆ ಹೇಳಿಕೊಂಡು ಹಗುರಾಗಿದ್ದರೆ ನನಗೆ ಅವನ ಮೇಲಿನ ಗೌರವ ಕಡಿಮೆಯಾಗುತ್ತಿತ್ತು. ನನ್ನ ತತ್ವ ಇಲ್ಲಿ ನೆಲ ಬಿಟ್ಟುಕೊಡಬೇಕಾಗುತ್ತದೆ. ನಿರ್ಧಾರ ಮಾಡಿದವನು ಫಲಿತಾಂಶವನ್ನು ಹೆಗಲಿಂದ ಇಳಿಸಿ ಬದುಕಲಾರ, ಇಳಿಸಲೂ ಬಾರದು. ಊರಿನವರ ತೀರ್ಪು ತಪ್ಪಾಗಿದ್ದದ್ದು ಬೇರೆ ಕಾರಣಕ್ಕೆ. ಅಪ್ಪ ತಾನಾಗಿ ಹೊತ್ತದ್ದನ್ನು ಅವರು ಹೊರಗಿನಿಂದ ಅವನ ಮೇಲೆ ಹೇರಿದರು. ಹೊರುವ ಹಕ್ಕು ಅವನದು, ಹೇರುವ ಹಕ್ಕು ಅವರದಲ್ಲ.

ಹಾಗಾದರೆ ಅಭಿಮಾನಿ ಹೊರಗಿನವನು, ಬಾಯಿ ಮುಚ್ಚಿಕೊಂಡಿರಲಿ ಎಂದಾಯಿತೇ? ಅಷ್ಟು ಸಲೀಸಾಗಿ ಮುಗಿಸಲು ನನಗೆ ಮನಸ್ಸಿಲ್ಲ. ಅಭಿಮಾನಿ "ಅವರು ಸೋತರು" ಎನ್ನುವುದಿಲ್ಲ, "ನಾವು ಸೋತ್ವಿ" ಎನ್ನುತ್ತಾನೆ. ಹದಿನೆಂಟು ವರ್ಷ ಬೆಂಗಳೂರು ತಂಡಕ್ಕಾಗಿ ಕಾದ ಹುಡುಗನ ನೋವು ಸುಳ್ಳಲ್ಲ. ಅದು ಮಾಡಿದವನ ಸಂಕಟದಂತೆಯೇ ಸುಡುತ್ತದೆ. ಆದರೆ ಅದಕ್ಕೆ ಹಿಡಿದುಕೊಳ್ಳಲು ತನ್ನದೇ ಆದ ಒಂದು ಕೆಲಸವಿಲ್ಲ. ಓವರ್ ಕೊಟ್ಟವನು ಅವನಲ್ಲ, ಎಸೆದವನೂ ಅಲ್ಲ. ಇಡಲು ಜಾಗವಿಲ್ಲದ ಆ ಸಂಕಟವನ್ನು ಅವನು ವಾಟ್ಸನ್ ಮೇಲೆ, ವೇದಾ ಮೇಲೆ ಇಡುತ್ತಾನೆ. ಅಭಿಮಾನಿಯ ಸಿಟ್ಟು ಹುಟ್ಟುವುದು ಇಲ್ಲಿಂದಲೇ ಎಂದು ನನಗೆ ಅನ್ನಿಸುತ್ತದೆ. ಅದನ್ನು ಮೂರ್ಖತನ ಎಂದು ತಳ್ಳಿಹಾಕುವ ಪಂಡಿತರು ಪ್ರೀತಿಯನ್ನೂ ಅದರ ಜೊತೆಗೇ ತಳ್ಳಿಹಾಕುತ್ತಾರೆ.

ನಾನೂ ಅಂಥ ಅಭಿಮಾನಿಯೇ. 2025ರ ನವೆಂಬರ್ 2ರಂದು ನವಿ ಮುಂಬೈಯ ಮಹಿಳಾ ವಿಶ್ವಕಪ್ ಫೈನಲ್‌ನಲ್ಲಿ ಹರ್ಮನ್‌ಪ್ರೀತ್ ಕೌರ್ ಶಫಾಲಿ ವರ್ಮಾ ಕೈಗೆ ಚೆಂಡು ಕೊಟ್ಟರು. ಶಫಾಲಿ ಮೂಲ ತಂಡದಲ್ಲೇ ಇರಲಿಲ್ಲ, ಗಾಯಗೊಂಡ ಪ್ರತೀಕಾ ರಾವಲ್ ಬದಲಿಗೆ ಬಂದವರು. ಬೌಲಿಂಗ್ ಅವರ ಮುಖ್ಯ ಕೆಲಸವೂ ಅಲ್ಲ. ಮನಸ್ಸು ಹೇಳಿತು, ಕೊಟ್ಟೆ ಎಂಬರ್ಥದಲ್ಲಿ ನಾಯಕಿ ಆಮೇಲೆ ಹೇಳಿದರು. ಎದುರಾಳಿ ತಂಡದ ಸೂನೆ ಲೂಸ್ ಹೋದರು, ಮರಿಜಾನ್ ಕಾಪ್ ಹೋದರು. ಭಾರತ 52 ರನ್ನಿಂದ ವಿಶ್ವಕಪ್ ಗೆದ್ದಿತು. ನನ್ನ ತತ್ವದ ಪ್ರಕಾರ ಆ ನಿರ್ಧಾರವನ್ನು ನಾನು ಇನ್ನೂ ಪ್ರಶ್ನಿಸುತ್ತಿರಬೇಕಿತ್ತು. ಆ ರಾತ್ರಿ ನನ್ನ ಬಾಯಿಂದ ಬಂದದ್ದು "ಶ್ಯಾಣ್ಯಾ ಇದ್ದಾಳ ಆಕಿ" ಎಂಬ ಮಾತು. ಅದು ಸಂತೋಷದ ಮಾತು, ಅದನ್ನು ಹಿಂದಕ್ಕೆ ಪಡೆಯುವ ಕಾರಣ ನನಗೆ ಕಾಣುವುದಿಲ್ಲ.

ಇನ್ನೂ ಕಷ್ಟದ್ದೊಂದು ಉಳಿದಿದೆ. ಬೆಂಗಳೂರು ಗೆದ್ದ ಮರುದಿನ, 2025ರ ಜೂನ್ 4ರಂದು, ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ನೂಕುನುಗ್ಗಲಿನಲ್ಲಿ 11 ಜನ ಸತ್ತರು. ಅಷ್ಟು ಅವಸರದಲ್ಲಿ ಸಂಭ್ರಮಾಚರಣೆ ಇಟ್ಟುಕೊಂಡ ನಿರ್ಧಾರ ತಪ್ಪು. ಜನಸಾಗರ ಬರುವುದು ಹಿಂದಿನ ರಾತ್ರಿಯೇ ಗೊತ್ತಿದ್ದ ಸಂಗತಿ, ಆದ್ದರಿಂದ ಯಾರೂ ಸಾಯದಿದ್ದರೂ ಅದು ತಪ್ಪೇ ಆಗಿರುತ್ತಿತ್ತು. ಇಲ್ಲಿಯವರೆಗೆ ನನ್ನ ತತ್ವ ಗಟ್ಟಿಯಾಗಿ ನಿಲ್ಲುತ್ತದೆ. ಆದರೆ ಯಾರೂ ಸಾಯದಿದ್ದರೆ ಅದೇ ನಿರ್ಧಾರವನ್ನು ನಾವೆಲ್ಲ ಅಭಿಮಾನಿಗಳಿಗೆ ಸಂದ ಗೌರವ ಎಂದು ಕೊಂಡಾಡುತ್ತಿದ್ದೆವು. ಮತ್ತೆ, ಸತ್ತರೂ ಸಾಯದಿದ್ದರೂ ತಪ್ಪಿನ ತೂಕ ಒಂದೇ ಎಂದು ನನ್ನ ತತ್ವ ಹೇಳುತ್ತದೆ. ಮಗನನ್ನು ಕಳೆದುಕೊಂಡ ತಾಯಿಯ ಮುಂದೆ ಆ ಮಾತು ಹೇಳಲು ನನಗೆ ನಾಲಗೆ ಏಳುವುದಿಲ್ಲ. ನಾಲಗೆ ಏಳದಿರುವುದು ಬರೀ ಮರ್ಯಾದೆಯ ಕಾರಣಕ್ಕಲ್ಲ, ಆ ಮಾತಿನಲ್ಲೇ ಏನೋ ಸುಳ್ಳಿದೆ ಎಂಬ ಕಾರಣಕ್ಕೆ. ಏನು ಸುಳ್ಳು ಎಂದು ಹೇಳುವ ತತ್ವ ನನ್ನ ಬಳಿ ಇಲ್ಲ. ವಿಲಿಯಮ್ಸ್‌ನ ಬಳಿಯೂ ಪೂರ್ತಿಯಾಗಿ ಇರಲಿಲ್ಲ.

ಆಟದ ಮಟ್ಟಿಗೆ ಮಾತ್ರ ನನ್ನ ಬೇಡಿಕೆಯನ್ನು ಬಿಡುವುದಿಲ್ಲ. ನಾಯಕನ ನಿರ್ಧಾರ ತಪ್ಪೆನಿಸಿದರೆ ಚೆಂಡು ಬೀಳುವ ಮೊದಲೇ ಹೇಳಿ. ಬಿದ್ದ ಮೇಲೆ ಹೇಳುವುದಾದರೆ ಆ ಹೊತ್ತಿಗೆ ನಿಮಗೆ ಏನು ಗೊತ್ತಿತ್ತು ಎಂಬುದನ್ನೂ ಹೇಳಿ. ರಾಜೇಶ್ವರಿ ಗಾಯಕವಾಡ ಎಂದಾದರೂ ನಿಮ್ಮೂರಿಗೆ ಬಂದರೆ ಲಾರ್ಡ್ಸ್‌ನ ಕೊನೆಯ ವಿಕೆಟ್ ಬಗ್ಗೆ ಕೇಳಬೇಡಿ. ಡರ್ಬಿಯ ಐದು ವಿಕೆಟ್ ಬಗ್ಗೆ ಅವಶ್ಯ ಕೇಳಿ, ಮತ್ತು ಆ ದಿನ ಹೊರಗೆ ಕೂತ ಏಕ್ತಾ ಬಿಷ್ಟ್ ಹೆಸರನ್ನೂ ಅದೇ ಉಸಿರಿನಲ್ಲಿ ಹೇಳಿ.