ಇನ್ನೊಮ್ಮೆ ಹೇಳು, ಪುಟ್ಟಾ



ಪಾಸ್ಕ ಹಬ್ಬದ ನಂತರದ ದಿನಗಳಲ್ಲಿ ಮನೆಗಳನ್ನು ಮಂತ್ರಿಸಲು ಹೋಗುವ ಗುರುಗಳಿಗೆ ಪ್ರತಿ ಮನೆಯಲ್ಲೂ ಎರಡು ಸತ್ಕಾರಗಳು ತಪ್ಪುವುದಿಲ್ಲ. ಒಂದು, ಬೇಡವೆಂದರೂ ಬಿಡದ ತಿಂಡಿ. ಇನ್ನೊಂದು, ಆ ಮನೆಯ ಮಗುವಿನ ಜಾಣತನದ ಕಥೆ. ಕೆಲವು ವರ್ಷಗಳ ಹಿಂದೆ, ನಾನು ಸೇವೆಯಲ್ಲಿದ್ದ ಧರ್ಮಕೇಂದ್ರದ ಒಂದು ಮನೆಯಲ್ಲಿ ಇವೆರಡೂ ಒಟ್ಟಿಗೇ ದೊರೆತವು. ಪ್ರಾರ್ಥನೆ ಮುಗಿಸಿ, ಪವಿತ್ರ ಜಲ ಪ್ರೋಕ್ಷಿಸಿ ಕುಳಿತಿದ್ದೆ. ತಟ್ಟೆಯಲ್ಲಿ ರವೆ ಉಂಡೆ ಬಂತು. ಎದುರಿಗೆ ನಿಂತಿದ್ದ ನಾಲ್ಕು ವರ್ಷದ ಹುಡುಗನಿಗೆ ಒಂದನ್ನು ಕೊಟ್ಟೆ. "ಒಂದೇ ಸಾಕು ಫಾದರ್, ಅವನಿಗೆ ಕೆಮ್ಮು" ಎಂದು ತಾಯಿ ಎಚ್ಚರಿಸಿದರು. ಹುಡುಗ ಬಲಗೈಯಲ್ಲಿದ್ದ ಉಂಡೆಯನ್ನೊಮ್ಮೆ, ಬರಿದಾಗಿದ್ದ ಎಡಗೈಯನ್ನೊಮ್ಮೆ ನೋಡಿಕೊಂಡು, "ಫಾದರ್, ಈ ಕೈ ಅಳ್ತಾ ಇದೆ" ಎಂದ.

ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಅಳುತ್ತಿದ್ದ ಕೈಗೂ ಒಂದು ಉಂಡೆ ಸಂದಾಯವಾಯಿತು. ಲಾರಿಗಳಿಗೆ ಮೂಟೆ ಹೊತ್ತು ದುಡಿಯುವ ಆ ತಂದೆಯ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. ಪಕ್ಕದ ಮನೆಯವರನ್ನು ಕೂಗಿ ಕರೆದು, "ಇನ್ನೊಮ್ಮೆ ಹೇಳು ಪುಟ್ಟಾ, ಫಾದರ್‌ಗೆ ಏನಂದೆ?" ಎಂದರು. ಹುಡುಗ ಹೇಳಿದ. ಅಷ್ಟರಲ್ಲಿ ಯಾರೋ ಮೊಬೈಲ್ ಹಿಡಿದು ಮತ್ತೊಮ್ಮೆ ಹೇಳಿಸಿದರು. ಮಾತು ಅದೇ, ಆದರೆ ಒಂದು ವ್ಯತ್ಯಾಸ ನನ್ನ ಕಣ್ಣಿಗೆ ಬಿತ್ತು. ಮೊದಲ ಸಲ ಹುಡುಗನ ದೃಷ್ಟಿ ಉಂಡೆಯ ಮೇಲಿತ್ತು. ಮೂರನೆಯ ಸಲ ಅದು ಅಪ್ಪನ ಮುಖದ ಮೇಲಿತ್ತು.

ಆ ತಂದೆಯ ಸಂತೋಷ ಪಾಪವೇ? ಗುರುಮಠದಲ್ಲಿ ನೈತಿಕ ದೈವಶಾಸ್ತ್ರವನ್ನು ಓದಿದ ನಮ್ಮಂಥವರಿಗೆ ಏಳು ಮೂಲಪಾಪಗಳಲ್ಲಿ ಗರ್ವವೇ ಮೊದಲನೆಯದೆಂಬುದು ಕಂಠಪಾಠ. ಆದರೆ ನಮ್ಮ ಭಾಷೆ ಗುರುಮಠಕ್ಕಿಂತ ಸೂಕ್ಷ್ಮವಾಗಿದೆ. ಹೆಮ್ಮೆ ಬೇರೆ, ಅಭಿಮಾನ ಬೇರೆ, ಜಂಬ ಬೇರೆ, ಗರ್ವ ಬೇರೆ. ಮಗನ ಬಗ್ಗೆ ಹೆಮ್ಮೆಯಿದೆ ಎಂದು ಯಾರೂ ಪಾಪನಿವೇದನೆಯಲ್ಲಿ ಹೇಳಿಕೊಳ್ಳುವುದಿಲ್ಲ, ಹೇಳಿಕೊಳ್ಳಬೇಕಾಗಿಯೂ ಇಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಹಿರಿಯರು ಗೇಲಿ ಮಾಡಿದರೂ, ಆ ಮುದ್ದು ಇಲ್ಲದಿದ್ದರೆ ಯಾವ ಹೆಗ್ಗಣವೂ ಬದುಕುತ್ತಿರಲಿಲ್ಲ. ಸಂತ ಥಾಮಸ್ ಅಕ್ವಿನಾಸರು ಪೊಳ್ಳು ಕೀರ್ತಿಯನ್ನು ಕುರಿತು ಬರೆಯುವಾಗ, ಒಳಿತನ್ನು ಒಳಿತೆಂದು ಗುರುತಿಸುವುದು ತಪ್ಪಲ್ಲ ಎನ್ನುತ್ತಾರೆ. ಕೀರ್ತಿ ಪೊಳ್ಳಾಗುವುದು ಮೂರು ಕಡೆ: ಹೊಗಳಿಕೆಗೆ ತಕ್ಕ ಸತ್ವ ಇಲ್ಲದಿದ್ದಾಗ, ತೂಗಿ ನೋಡಲಾರದವರಿಂದ ಅದನ್ನು ಬಯಸಿದಾಗ, ದೇವರ ಮಹಿಮೆಗಾಗಲೀ ನೆರೆಯವರ ಒಳಿತಿಗಾಗಲೀ ಅದು ಸಲ್ಲದಿದ್ದಾಗ. ನಾಲ್ಕು ವರ್ಷದ ಮಗುವಿನ ವೀಡಿಯೊವನ್ನು ಇನ್ನೂರು ಜನರ ವಾಟ್ಸಾಪ್ ಗುಂಪಿಗೆ ಕಳುಹಿಸುವಾಗ ನಾವು ಈ ಮೂರರಲ್ಲಿ ಎಲ್ಲಿ ನಿಂತಿರುತ್ತೇವೆ ಎಂಬುದು ಯೋಚಿಸಬೇಕಾದ ಮಾತು.

ಸಂತ ಅಗಸ್ಟೀನರ 'ಕನ್ಫೆಶನ್ಸ್' ಎಂಬ ಆತ್ಮನಿವೇದನೆಯ ಗ್ರಂಥದಲ್ಲಿ ಇಬ್ಬರು ತಂದೆಯರಿದ್ದಾರೆ. ಮೊದಲನೆಯವರು ಅಗಸ್ಟೀನರ ತಂದೆ ಪಾತ್ರಿಸಿಯುಸ್. ಉತ್ತರ ಆಫ್ರಿಕದ ತಗಾಸ್ತೆ ಎಂಬ ಸಣ್ಣ ಊರಿನವರು, ಸ್ಥಿತಿವಂತರಲ್ಲ. ಮಗನ ವಾಕ್ಚಾತುರ್ಯವನ್ನು ಕಂಡು, ಶಕ್ತಿಮೀರಿ ಹಣ ಹೊಂದಿಸಿ, ಅವನನ್ನು ಕಾರ್ಥೇಜಿನ ವಿದ್ಯಾಭ್ಯಾಸಕ್ಕೆ ಅಣಿಗೊಳಿಸಿದರು. ಊರೆಲ್ಲ ಅವರನ್ನು ಕೊಂಡಾಡಿತು. ಆದರೆ ತಾನು ದೇವರ ಮುಂದೆ ಎಂಥ ಮನುಷ್ಯನಾಗಿ ಬೆಳೆಯುತ್ತಿದ್ದೇನೆ ಎಂಬುದರ ಬಗ್ಗೆ ಆ ತಂದೆಗೆ ಚಿಂತೆಯೇ ಇರಲಿಲ್ಲ, ನಾಲಿಗೆ ಬೆಳೆದರೆ ಸಾಕಾಗಿತ್ತು ಎಂದು ಮಗ ಮುಂದೆ ನೊಂದು ಬರೆದರು.

ಎರಡನೆಯ ತಂದೆ ಸ್ವತಃ ಅಗಸ್ಟೀನರು. ವಿವಾಹವಿಲ್ಲದ ಸಂಬಂಧದಲ್ಲಿ ಹುಟ್ಟಿದ ಅವರ ಮಗನ ಹೆಸರು ಅದಿಯೊದಾತ, ಎಂದರೆ ದೇವರು ಕೊಟ್ಟವನು. ನಮ್ಮ ಮಾತಿನಲ್ಲಿ ದೇವದತ್ತ. 387ರ ಪಾಸ್ಕದಂದು ಮಿಲಾನಿನಲ್ಲಿ ತಂದೆ ಮಗ ಇಬ್ಬರೂ ಒಟ್ಟಿಗೇ ದೀಕ್ಷಾಸ್ನಾನ ಪಡೆದಾಗ ಹುಡುಗನಿಗೆ ಸುಮಾರು ಹದಿನೈದು ವರ್ಷ. ಬುದ್ಧಿಯಲ್ಲಿ ಅವನು ಅನೇಕ ವಿದ್ವಾಂಸರನ್ನು ಮೀರಿಸಿದ್ದನೆಂದು ತಂದೆ ಸಂಕೋಚವಿಲ್ಲದೆ ಹೇಳುತ್ತಾರೆ. ಹೇಳಿದ ಕೂಡಲೇ, ಅವನಲ್ಲಿ ನನ್ನದೆಂಬುದು ನನ್ನ ಪಾಪವೊಂದೇ, ಉಳಿದುದೆಲ್ಲ ದೇವರದು ಎಂದು ಸೇರಿಸುತ್ತಾರೆ. ಆ ಪ್ರತಿಭೆಯನ್ನು ಕಂಡು ಅವರಿಗೆ ಒಂದು ಬಗೆಯ ನಡುಕ ಹುಟ್ಟುತ್ತಿತ್ತಂತೆ. ನಾನು ಈ ಪುಟದ ಬಳಿ ಬಂದಾಗಲೆಲ್ಲ ನಿಂತುಬಿಡುತ್ತೇನೆ. ಮಗುವಿನ ಜಾಣತನವನ್ನು ಕಂಡು ನಕ್ಕವರನ್ನು, ಮೆರೆದವರನ್ನು ಬಲ್ಲೆ. ನಡುಗಿದವರನ್ನು ಹೆಚ್ಚಾಗಿ ಕಾಣೆ.

ಆ ತಂದೆ ಮಗನೊಡನೆ ನಡೆಸಿದ ಸಂಭಾಷಣೆಯೇ 'ದೆ ಮಾಜಿಸ್ತ್ರೊ', ಅಂದರೆ ಗುರುವನ್ನು ಕುರಿತ ಗ್ರಂಥ. ಅದರಲ್ಲಿ ಮಗನ ಬಾಯಲ್ಲಿ ಬರುವ ವಿಚಾರಗಳೆಲ್ಲ ಹದಿನಾರರ ಆ ಹುಡುಗನವೇ ಎಂದು ಅಗಸ್ಟೀನರು ದೇವರನ್ನೇ ಸಾಕ್ಷಿಗೆ ಕರೆಯುತ್ತಾರೆ. ಮಗನ ಮಾತನ್ನು ಪುಸ್ತಕವಾಗಿಸಿದ್ದೂ ಪ್ರದರ್ಶನವೇ ಅಲ್ಲವೇ ಫಾದರ್ ಎಂದು ನೀವು ಕೇಳಬಹುದು. ಕೇಳಿದರೆ ನನ್ನಲ್ಲಿ ಪೂರ್ಣ ಉತ್ತರವಿಲ್ಲ. ಆದರೆ ಆ ಪುಸ್ತಕದಲ್ಲಿ ಹುಡುಗ ಎಡವುವುದೂ ಇದೆ, ತಂದೆ ತಿದ್ದುವುದೂ ಇದೆ. ಇನ್ನೊಮ್ಮೆ ಹೇಳು ಎನ್ನುವ ಬದಲು, ಹಾಗೇಕೆ ಅಂದೆ ಎಂದು ಕೇಳುವ ತಂದೆ ಅಲ್ಲಿದ್ದಾನೆ. ಹುಡುಗ ಹೆಚ್ಚು ಕಾಲ ಬದುಕಲಿಲ್ಲ.

ನನ್ನ ತಾಯಿಯವರು ಈ ಗ್ರಂಥಗಳನ್ನು ಓದಿದವರಲ್ಲ. ನೆಂಟರು ನನ್ನನ್ನು ಹೊಗಳಿ ಹೋದ ಸಂಜೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಿದ್ದರು. ದೃಷ್ಟಿ ತೆಗೆಯುವುದು ಮೂಢನಂಬಿಕೆಯೆಂದು ಪ್ರಬೋಧನೆಯಲ್ಲಿ ನಾನೇ ಖಂಡಿಸಿದ್ದೇನೆ, ಈಗಲೂ ಖಂಡಿಸುತ್ತೇನೆ. ಆದರೂ ಹೊಗಳಿಕೆಯಿಂದ ಮಗುವಿಗೆ ಏನೋ ತಗುಲುತ್ತದೆ ಎಂಬ ಆಕೆಯ ಅಳುಕಿನಲ್ಲಿ ಅಗಸ್ಟೀನರ ನಡುಕದ ಒಂದು ಚೂರು ಇತ್ತೆಂದು ಇಂದು ಅನಿಸುತ್ತದೆ.

ಇನ್ನೊಂದು ವಿಚಾರ. 1983ರಲ್ಲಿ ಹೈಂಜ್ ವಿಮ್ಮರ್ ಮತ್ತು ಜೋಸೆಫ್ ಪೆರ್ನರ್ ಎಂಬ ಮನೋವಿಜ್ಞಾನಿಗಳು ಮಕ್ಕಳಿಗೆ ಒಂದು ಕಥೆ ಹೇಳಿ ಪರೀಕ್ಷಿಸಿದರು. ಹುಡುಗನೊಬ್ಬ ಚಾಕೊಲೇಟನ್ನು ಒಂದು ಕಪಾಟಿನಲ್ಲಿಟ್ಟು ಆಡಲು ಹೋಗುತ್ತಾನೆ, ತಾಯಿ ಅದನ್ನು ಬೇರೆ ಕಪಾಟಿಗೆ ಸರಿಸುತ್ತಾಳೆ. ಮರಳಿ ಬಂದ ಹುಡುಗ ಎಲ್ಲಿ ಹುಡುಕುತ್ತಾನೆ? ಮೂರರ ಮಕ್ಕಳು ಚಾಕೊಲೇಟು ಈಗಿರುವ ಜಾಗವನ್ನೇ ತೋರಿಸುತ್ತಾರೆ. ನಾಲ್ಕರಿಂದ ಆರರ ನಡುವೆ, ಅವನಿಗೆ ಗೊತ್ತಿಲ್ಲವಲ್ಲ ಎಂಬುದು ಅವರಿಗೆ ಹೊಳೆಯತೊಡಗುತ್ತದೆ. ಎಂದರೆ, ನಮ್ಮ ಮನೆಯ ಮಗುವಿಗೆ ಮಾತ್ರವೆಂದು ನಾವು ಬೀಗುವ ಚತುರತೆಯ ಬಹುಭಾಗ ದೇವರು ಎಲ್ಲ ಮಕ್ಕಳಿಗೂ ಹಂಚಿದ ವರ. ಇನ್ನೊಬ್ಬರ ಮನಸ್ಸಿನಲ್ಲಿ ಏನಿದೆಯೆಂದು ಊಹಿಸಬಲ್ಲ ಮಗು ಕನಿಕರ ತೋರಬಲ್ಲದು. ಅದೇ ಶಕ್ತಿಯಿಂದ ನಂಬುವಂತೆ ಸುಳ್ಳನ್ನೂ ಹೇಳಬಲ್ಲದು. ಮಗ ಹೋಂವರ್ಕ್ ಪುಸ್ತಕವನ್ನು ಮಂಚದ ಕೆಳಗೆ ಬಚ್ಚಿಟ್ಟು, "ಇಲಿ ಹೊತ್ತುಕೊಂಡು ಹೋಯ್ತು ಟೀಚರ್" ಅಂದನೆಂದು ಹಬ್ಬದ ಊಟದಲ್ಲಿ ನಗುನಗುತ್ತಾ ಹೇಳಿದ ದಂಪತಿಗಳು, ನಾಲ್ಕು ವರ್ಷ ಕಳೆದ ಮೇಲೆ ಅದೇ ಮಗನನ್ನು ನನ್ನ ಬಳಿ ಎಳೆದು ತಂದು, "ಬಾಯಿ ಬಿಟ್ಟರೆ ಸುಳ್ಳು, ಸ್ವಲ್ಪ ಬುದ್ಧಿ ಹೇಳಿ ಫಾದರ್" ಎಂದರು. ಹುಡುಗ ಗೊಂದಲದಿಂದ ನಿಂತಿದ್ದ. ಯಾವ ದಿನದಿಂದ ನಿಯಮ ಬದಲಾಯಿತೆಂದು ಅವನಿಗೆ ಯಾರೂ ತಿಳಿಸಿರಲಿಲ್ಲ.

ಹಾಗೆಂದು ಹೊಗಳಿಕೆಯನ್ನು ಬಚ್ಚಿಟ್ಟು ಬೆತ್ತ ಹಿಡಿಯಿರಿ ಎಂದು ನಾನು ಹೇಳುತ್ತಿಲ್ಲ. ಹೊಗಳದೆ ಬೆಳೆಸಿದ ಹಳೆಯ ಕಾಲದ ಮನೆಗಳನ್ನೂ ಕಂಡಿದ್ದೇನೆ. ಅಲ್ಲಿ ಬೆಳೆದ ಕೆಲವರು ಐವತ್ತು ದಾಟಿದರೂ ಅಪ್ಪನ ಒಂದು ಒಳ್ಳೆಯ ಮಾತಿಗಾಗಿ ಕಾಯುತ್ತಿದ್ದಾರೆ. ಸಂತ ಲೂಕರ ಶುಭಸಂದೇಶದಲ್ಲಿ ಹನ್ನೆರಡರ ಬಾಲಕ ಯೇಸುವಿನ ಜ್ಞಾನವನ್ನು ಕಂಡು ದೇವಾಲಯದ ಬೋಧಕರೇ ಬೆರಗಾಗುತ್ತಾರೆ. ಮೂರು ದಿನ ಹುಡುಕಿ ಬಂದ ಮಾತೆ ಮರಿಯಮ್ಮನವರು ಅಲ್ಲಿ ಬೀಗಲೂ ಇಲ್ಲ, ಮೌನವಾಗಿ ನುಂಗಿಕೊಳ್ಳಲೂ ಇಲ್ಲ. ಮಗನನ್ನು ನೇರವಾಗಿ ಪ್ರಶ್ನಿಸಿದರು. ಅವನ ಉತ್ತರ ಅವರಿಗೆ ಅರ್ಥವಾಗಲಿಲ್ಲ. ಎಲ್ಲವನ್ನೂ ಹೃದಯದಲ್ಲಿ ಇರಿಸಿಕೊಂಡು ನಜರೇತಿಗೆ ನಡೆದರು.

ಮತ್ತೆ ಆ ರವೆ ಉಂಡೆಯ ಮನೆಗೆ ಬರುತ್ತೇನೆ. ಅಲ್ಲಿ ಇನ್ನೊಂದು ಮಗುವಿತ್ತು, ಎಂಟರ ಆಸುಪಾಸಿನ ಹುಡುಗಿ. ತಟ್ಟೆ ತಂದವಳೂ ನೀರು ಕೊಟ್ಟವಳೂ ಅವಳೇ. ತಮ್ಮನ ಮಾತಿಗೆ ಎಲ್ಲರೂ ನಗುತ್ತಿದ್ದಾಗ ಪರದೆಯ ಬಳಿ ನಿಂತು ಅವಳೂ ನಕ್ಕಳು. ನಾನು ಹೊರಡುವಾಗ ನೋಡಿದರೆ, ಅಂಗಳದ ಉರಿಬಿಸಿಲಿನಲ್ಲಿ ಬಿಟ್ಟಿದ್ದ ನನ್ನ ಚಪ್ಪಲಿಗಳು ಗೋಡೆಯ ನೆರಳಿಗೆ ಸರಿದಿದ್ದವು. ಕಾಲಿಡಲು ಸುಲಭವಾಗುವಂತೆ ರಸ್ತೆಯ ಕಡೆಗೆ ತಿರುಗಿದ್ದವು. ಯಾರು ಸರಿಸಿದ್ದೆಂದು ಕೇಳಿದೆ. "ಇವಳೇ ಇರಬೇಕು ಫಾದರ್, ಇವಳಿಗೆ ಇಂಥದ್ದೇ ಕೆಲಸ" ಎಂದ ತಾಯಿ, "ಪುಟ್ಟಾ, ಫಾದರ್‌ಗೆ ಟಾಟಾ ಮಾಡು" ಎಂದು ಮಗನತ್ತ ತಿರುಗಿದರು. ನಾನೂ ಅವನತ್ತಲೇ ಕೈಬೀಸಿದೆ. ಅವನ ಮಾತು ಈಗಲೂ ಅಕ್ಷರಶಃ ನೆನಪಿದೆ, ಹೆಸರೂ ನೆನಪಿದೆ. ಹುಡುಗಿಯ ಹೆಸರನ್ನು ನಾನು ಅಂದು ಕೇಳಿರಲೇ ಇಲ್ಲ.