ಕಾಯುವುದೂ ಒಂದು ಧರ್ಮ



'ಕಾಯುವುದು' ಎಂಬ ಪದಕ್ಕೆ ನಮ್ಮ ಭಾಷೆಯಲ್ಲಿ ಎರಡು ಅರ್ಥಗಳಿವೆ. ಬರಲಿರುವುದನ್ನು ನಿರೀಕ್ಷಿಸುವುದೂ ಕಾಯುವುದೇ, ಇರುವುದನ್ನು ರಕ್ಷಿಸುವುದೂ ಕಾಯುವುದೇ. ಇವೆರಡೂ ಒಂದೇ ಕರ್ತವ್ಯದ ಎರಡು ಮುಖಗಳೆಂದು ನನಗೆ ಮೊದಲು ತೋರಿಸಿಕೊಟ್ಟವರು ಗುರುಮಠದ ಪ್ರಾಧ್ಯಾಪಕರಲ್ಲ. ದಾವಣಗೆರೆಯ ಒಬ್ಬ ಜಟಕಾ ಸಾಹೇಬರು.

ನನ್ನ ಬಾಲ್ಯದಲ್ಲಿ ದಾವಣಗೆರೆಯ ರೈಲು ನಿಲ್ದಾಣದ ಮುಂದೆ ಜಟಕಾ ಗಾಡಿಗಳು ಸಾಲಾಗಿ ನಿಲ್ಲುತ್ತಿದ್ದವು. ನಮ್ಮ ಬೀದಿಯ ಸಾಹೇಬರಲ್ಲಿದ್ದುದು ಒಂದೇ ಹೆಣ್ಣು ಕುದುರೆ. ಮನೆಯ ಆರು ಮಂದಿಯ ಅನ್ನ ಅದರ ದುಡಿಮೆಯಿಂದಲೇ ಬರಬೇಕಿತ್ತು. ಅದಕ್ಕೆ ಗಬ್ಬವಾಗಿ ಎಂಟು ತಿಂಗಳು ತುಂಬಿದಾಗ ಅವರು ಗಾಡಿಯನ್ನು ಗೋಡೆಗೆ ಒರಗಿಸಿಟ್ಟು, ತಾವು ಮಂಡಿಪೇಟೆಯಲ್ಲಿ ಮೂಟೆ ಹೊರಲು ಹೋದರು. ದುಡಿಯದ ಕುದುರೆಗೆ ಹುಲ್ಲು, ಹುರುಳಿ ಒಂದು ದಿನವೂ ತಪ್ಪಲಿಲ್ಲ. ಹೆರಿಗೆಗೆ ತಿಂಗಳಿಗೂ ಹೆಚ್ಚು ದಿನಗಳಿರುವಾಗಲೇ ಅದನ್ನು ಮೆಲ್ಲಗೆ ನಡೆಸಿಕೊಂಡು ಹೋಗಿ, ಹರಿಹರದಲ್ಲಿದ್ದ ತಮ್ಮ ಅಕ್ಕನ ಮನೆಯ ಹಿತ್ತಲಲ್ಲಿ ಬಿಟ್ಟುಬಂದರು; ಚೊಚ್ಚಲ ಬಾಣಂತನಕ್ಕೆ ಮಗಳನ್ನು ತವರಿಗೆ ಬಿಟ್ಟುಬಂದಂತೆ.

"ಇನ್ನೊಂದು ತಿಂಗಳು ಓಡಿಸಬಹುದಿತ್ತಲ್ಲ ಸಾಹೇಬರೇ?" ಎಂದು ನನ್ನ ತಂದೆಯವರು ಕೇಳಿದ್ದರು. ಅವರ ಉತ್ತರ ಇಂದಿಗೂ ನನ್ನ ಕಿವಿಯಲ್ಲಿದೆ: "ಓಡ್ತದೆ ಅಣ್ಣಾರೆ. ಒಲ್ಲೆ ಅನ್ನಾಕೆ ಅದಕ್ಕೆ ಬಾಯಿಲ್ಲ. ಅದರ ಪರವಾಗಿ ನಾವೇ ಅನ್ನಬೇಕಲ್ಲ."

ಅವರು ಅನುಭವದಿಂದ ಅರಿತದ್ದನ್ನು ಪಶುವೈದ್ಯಶಾಸ್ತ್ರವೂ ಹೇಳುತ್ತದೆ. ಕುದುರೆಯ ಗರ್ಭಾವಧಿ ಸುಮಾರು 11 ತಿಂಗಳು. ಕೊನೆಯ 3 ತಿಂಗಳಲ್ಲಿ ಮರಿ ಅತಿ ವೇಗವಾಗಿ ಬೆಳೆಯುತ್ತದೆ. ಹೆರಿಗೆಗೆ 4ರಿಂದ 6 ವಾರ ಮೊದಲೇ ತಾಯಿಯನ್ನು ಹೆರಿಗೆಯ ಜಾಗಕ್ಕೆ ತಂದಿರಬೇಕು. ಆ ನೆಲದ ರೋಗಾಣುಗಳನ್ನು ಎದುರಿಸುವ ಶಕ್ತಿಯನ್ನು ಅದರ ದೇಹ ಅಲ್ಲಿದ್ದೇ ಗಳಿಸಬೇಕು. ಧನುರ್ವಾಯು ಲಸಿಕೆಯನ್ನೂ ಆಗಲೇ ಹಾಕಿಸುತ್ತಾರೆ. ಈ ರಕ್ಷಣೆ ಗರ್ಭದಲ್ಲಿ ಮರಿಗೆ ದಾಟುವುದಿಲ್ಲ. ಹುಟ್ಟಿದ ಕೆಲವೇ ಗಂಟೆಗಳಲ್ಲಿ ಕುಡಿಯುವ ಗಿಣ್ಣು ಹಾಲಿನಿಂದಲೇ ದೊರೆಯಬೇಕು. ಕೆಚ್ಚಲು ತುಂಬಿ, ಮೊಲೆತೊಟ್ಟಿನ ತುದಿಯಲ್ಲಿ ಮೇಣದಂಥ ಹನಿ ಕಂಡರೆ ಹೆರಿಗೆ ಹತ್ತಿರವಾಯಿತೆಂದು ತಿಳಿಯಬೇಕು. ಆದರೂ ದಿನವನ್ನು ಖಚಿತವಾಗಿ ಹೇಳಲಾಗದು. ಬಹುತೇಕ ಕುದುರೆಗಳು ರಾತ್ರಿಯ ನಿಶ್ಶಬ್ದದಲ್ಲಿಯೇ ಮರಿ ಹಾಕುತ್ತವೆ. ನೀರಿನ ಚೀಲ ಒಡೆದು ಅರ್ಧ ಗಂಟೆಯಾದರೂ ಮರಿ ಬಾರದಿದ್ದರೆ ತಾಯಿ, ಮರಿ ಎರಡರ ಜೀವಕ್ಕೂ ಅಪಾಯ. ಆದುದರಿಂದ ಕಾಯುವವನು ಅದನ್ನು ಕಾಡದಷ್ಟು ದೂರದಲ್ಲಿರಬೇಕು, ಕರೆದರೆ ಬರುವಷ್ಟು ಹತ್ತಿರದಲ್ಲಿರಬೇಕು. ಸಾಹೇಬರು ಕೊನೆಯ ಹತ್ತು ರಾತ್ರಿ ಹೀಗೆಯೇ ಆ ಹಿತ್ತಲಲ್ಲಿ ಕುಳಿತಿದ್ದರಂತೆ.

ಇದು ಬಡವನ ಮನೆಯ ಮಾತಾಯಿತು. ತುಮಕೂರು ಜಿಲ್ಲೆಯ ಕುಣಿಗಲ್ ಕುದುರೆ ಫಾರಂಗೆ ಇನ್ನೂರು ವರ್ಷಗಳಿಗೂ ಮಿಕ್ಕ ಇತಿಹಾಸವಿದೆ. ಹಿಂದೆ ಸೈನ್ಯಕ್ಕಾಗಿ, ಅನಂತರ ಪಂದ್ಯಕ್ಕಾಗಿ ಅಲ್ಲಿ ಕುದುರೆಗಳನ್ನು ಬೆಳೆಸಿದರು. ಪಂದ್ಯದ ಕುದುರೆ ಎಂದು ಹುಟ್ಟಿದರೂ ಅದರ ವಯಸ್ಸನ್ನು ಜನವರಿ 1ರಿಂದಲೇ ಎಣಿಸುತ್ತಾರೆ. ಹೀಗಾಗಿ ವರ್ಷದ ಆರಂಭದಲ್ಲೇ ಮರಿ ಹುಟ್ಟಬೇಕೆಂಬುದು ಪಂದ್ಯದ ಕುದುರೆ ಬೆಳೆಸುವವರ ಹಂಬಲ. ಇದಕ್ಕಾಗಿ ಚಳಿನಾಡುಗಳಲ್ಲಿ ಲಾಯಕ್ಕೆ ವಿದ್ಯುದ್ದೀಪ ಹಚ್ಚಿ ಹಗಲನ್ನು ಉದ್ದಗೊಳಿಸಿ, ಹೆಣ್ಣು ಕುದುರೆ ಬೇಗ ಬೆದೆಗೆ ಬರುವಂತೆ ಮಾಡುತ್ತಾರೆ. ಅಲ್ಲಿನ ಆರೈಕೆಗೆ ಕೊರತೆಯಿಲ್ಲ. ಹಾಸುವ ಹುಲ್ಲು, ವೈದ್ಯರು, ರಾತ್ರಿ ಕಾವಲು ಎಲ್ಲವೂ ಉಂಟು. ಆದರೆ ಆ ಸಿದ್ಧತೆ ಯಾರ ಪಂಚಾಂಗವನ್ನು ಅನುಸರಿಸುತ್ತದೆ?

ಸಾಹೇಬರಿಗೂ ಲಾಭದ ಆಸೆ ಇರಲಿಲ್ಲವೆಂದಲ್ಲ. ಮರಿ ಬೆಳೆದರೆ ಬೆಲೆ ಬರುತ್ತದೆಂದು ಅವರಿಗೂ ಗೊತ್ತಿತ್ತು. ಲಾಭ ಬೆರೆತ ಮಾತ್ರಕ್ಕೆ ಪ್ರೀತಿ ಸುಳ್ಳಾಗುವುದಿಲ್ಲ. ಆದರೆ ನಮ್ಮ ಲಾಭಕ್ಕೆ ಅಡ್ಡಿಯಾಗುವಾಗಲೂ ಇನ್ನೊಂದು ಜೀವದ ಕಾಲಕ್ಕೆ ನಾವು ಬಾಗುತ್ತೇವೆಯೇ ಎಂಬುದರಲ್ಲಿಯೇ ಅದರ ಪರೀಕ್ಷೆ. ಯೋಬನ ಗ್ರಂಥದ 39ನೇ ಅಧ್ಯಾಯದಲ್ಲಿ ಕಾಡುಮೇಕೆಗಳು ಈಯುವ ಕಾಲವನ್ನು ನೀನು ಬಲ್ಲೆಯಾ ಎಂದು ಸರ್ವೇಶ್ವರನು ಯೋಬನನ್ನು ಕೇಳುತ್ತಾನೆ. ಆ ಕಾಲ ನಮ್ಮ ಕೈಯಲ್ಲಿಲ್ಲ ಎಂಬ ವಿನಯದಿಂದಲೇ ಕಾಯುವ ಧರ್ಮ ಆರಂಭವಾಗುತ್ತದೆ.

ಇದನ್ನು ಬರೆಯುವಾಗ ನನ್ನದೇ ಒಂದು ತಪ್ಪು ನೆನಪಾಗುತ್ತದೆ. ಹಲವು ವರ್ಷಗಳ ಹಿಂದೆ ನಾನಿದ್ದ ಧರ್ಮಕೇಂದ್ರದಲ್ಲಿ ಕಸ ಗುಡಿಸಿ, ನೆಲ ಒರೆಸುತ್ತಿದ್ದ ತಂಗಿಯೊಬ್ಬಳು ತುಂಬು ಗರ್ಭಿಣಿಯಾಗಿದ್ದಳು. "ಕಷ್ಟ ಆಗುತ್ತಾ ಅಮ್ಮಾ?" ಎಂದು ಒಮ್ಮೆ ಕೇಳಿದೆ. "ಪರವಾಗಿಲ್ಲ ಫಾದರ್" ಎಂದಳು. ನಾನು ನಂಬಿದೆ, ನಂಬುವುದು ನನಗೆ ಅನುಕೂಲವಾಗಿತ್ತು. ಅವಳಿಗೆ ಬಾಯಿತ್ತು. ಆದರೆ ಕೆಲಸ ತಪ್ಪೀತೆಂಬ ಭಯದಲ್ಲಿ ಒಲ್ಲೆ ಎನ್ನುವ ಮಾತು ಆ ಬಾಯಿಗೆ ಬರಲಿಲ್ಲ. ಕುದುರೆಗಾಗಿ ಸಾಹೇಬರು ಹೇಳಿದ್ದನ್ನು ಅವಳಿಗಾಗಿ ನಾನು ಹೇಳಲಿಲ್ಲ.

2017ರಲ್ಲಿ ನಮ್ಮ ದೇಶದ ಕಾನೂನು ಮೊದಲ ಎರಡು ಹೆರಿಗೆಗಳಿಗೆ ಸಂಬಳಸಹಿತ ರಜೆಯನ್ನು 12ರಿಂದ 26 ವಾರಗಳಿಗೆ ಏರಿಸಿತು. ಆದರೆ ಮನೆಗೆಲಸದವರಿಗೆ ಆ ಭಾಗ್ಯ ದೊರೆಯಲಿಲ್ಲ. ಕಾನೂನು ತಲುಪದ ಆ ಹೊಸ್ತಿಲಲ್ಲಿ ನಮ್ಮ ಮನಸ್ಸಾಕ್ಷಿ ಕಾವಲಿರಬೇಕು. ಮನೆಗೆ ಬರುವ ಹೆಣ್ಣುಮಗಳು ಗರ್ಭಿಣಿಯಾದರೆ, ಅವಳು ಕೇಳುವ ಮುನ್ನವೇ "ಇನ್ನು ಸಾಕಮ್ಮ, ಸಂಬಳ ತಪ್ಪುವುದಿಲ್ಲ, ಬಾಣಂತನ ಮುಗಿಸಿ ಬಾ, ಕೆಲಸ ನಿನ್ನದೇ" ಎನ್ನಲು ನಮಗೆ ಸಾಧ್ಯವೇ? ಮೂರು ತಿಂಗಳು ನಾವೇ ನೆಲ ಒರೆಸಬೇಕಾದೀತು. ಸಾಹೇಬರು ಮೂಟೆ ಹೊತ್ತಿದ್ದರು.